ಗಾಜಾದ ಮದುಮಗಳ ಚಿತ್ರ

ದೋಹಾದ ಮದೀನತ್ ಖಲೀಫಾ ಬಡಾವಣೆಯ ಒಂದು ವಿಲ್ಲಾದಲ್ಲಿ ನಮ್ಮದು ಮೇಲಿನ ಮನೆ. ಕೆಳಗೆ ಪ್ಯಾಲೆಸ್ಟೀನಿನ ಚಿತ್ರಕಲೆಯ ಟೀಚರೊಬ್ಬರು ಒಂಟಿಯಾಗಿ ಇದ್ದರು. ಗಾಜಾದಲ್ಲಿದ್ದ ಅವರ ತಂಗಿಯ ಮಗಳಿಗೆ ಮದುವೆ ಗೊತ್ತಾಗಿತ್ತು. ಯುದ್ಧ ನಿಂತ ಕೂಡಲೇ ಮದುವೆ ಎಂದು ಮನೆಯವರು ಮಾತಾಡಿಕೊಂಡಿದ್ದರಂತೆ.

ಟೀಚರ್ ಆ ಮದುವೆಯ ಚಿತ್ರವನ್ನು ಮೊದಲೇ ಬರೆಯತೊಡಗಿದರು. ಕಡಲ ದಂಡೆ, ಊಟಕ್ಕೆ ಕೂತ ನೆಂಟರು, ನಡುವೆ ಕಸೂತಿಯ ಉಡುಪು ತೊಟ್ಟ ಹುಡುಗಿ. ಒಂದು ಶುಕ್ರವಾರ ತಮ್ಮ ತಾಯಿಯ ಹಳೆಯ ಉಡುಪನ್ನು ನನಗೆ ತೊಡಿಸಿ, ಕಿಟಕಿಯ ಬಳಿ ನಿಲ್ಲಿಸಿ, ಅದರ ನೆರಿಗೆಗಳನ್ನು ನೋಡಿ ಬರೆದರು. "ಮುಖ ಮಾತ್ರ ಅವಳು ಬಂದು ನನ್ನೆದುರು ಕೂತಾಗ" ಅಂದರು.

ಕದನವಿರಾಮದ ಮಾತುಕತೆ ನಮ್ಮ ದೋಹಾದಲ್ಲೇ ನಡೆಯುತ್ತಿತ್ತು. ಅವರು ಬಣ್ಣ ಕಲಸುತ್ತ ಟಿವಿಯ ಕಡೆಗೇ ಕಿವಿಯಿಟ್ಟಿರುತ್ತಿದ್ದರು.

ಒಂದು ಮಧ್ಯಾಹ್ನ ನಾನು ಆಫೀಸಿನಿಂದ ಬಂದಾಗ ಅವರ ಬಾಗಿಲು ತೆರೆದೇ ಇತ್ತು. ಅವರು ನೆಲದ ಮೇಲೆ ಕೂತಿದ್ದರು. ಬಾಂಬ್ ದಾಳಿಯಲ್ಲಿ ಹುಡುಗಿ ತೀರಿಕೊಂಡಿದ್ದಳು. ಪಕ್ಕದಲ್ಲಿ ಕೂತು ಅವರ ಕೈ ಹಿಡಿದುಕೊಂಡೆ.

ಎಷ್ಟೋ ವಾರಗಳ ಮೇಲೆ ಅವರು ಮತ್ತೆ ಕುಂಚ ಹಿಡಿದು, ಮುಖವೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಮುಗಿಸಿದರು.

"ಫೋಟೊ ನೋಡಿ ಬರೆಯಬಹುದಲ್ಲ?" ಎಂದು ಮೆಲ್ಲಗೆ ಕೇಳಿದೆ.

"ಖಲಾಸ್, ಅವಳ ಮುಖ ಬರೆಯುವುದು ಇನ್ನು ನನ್ನ ಕೈಲಾಗದು. ಅವಳಿಗೊಬ್ಬಳು ಪುಟ್ಟ ತಂಗಿ ಉಳಿದಿದ್ದಾಳೆ. ಶಾಂತಿ ಬಂದರೆ ಅವಳೂ ದೊಡ್ಡವಳಾಗಿ ಮದುವೆಯಾಗುತ್ತಾಳೆ. ಅಲ್ಲಿಯವರೆಗೆ ಆ ಜಾಗ ಹಾಗೇ ಇರಲಿ."

ಆ ಮಗು ಇನ್ನೂ ಗಾಜಾದ ನಿರಾಶ್ರಿತರ ಗುಡಾರದಲ್ಲೇ ಇದೆ. ಸಂಜೆ ದೇವರಿಗೆ ದೀಪ ಹಚ್ಚುವಾಗ ಅದರ ಹೆಸರು ತಾನಾಗಿಯೇ ನನ್ನ ಬಾಯಿಗೆ ಬರುತ್ತದೆ.