ಹೋಟೆಲಿನ ಅಕ್ಕ ಮತ್ತು ಹಿಂದಿನ ಗಲ್ಲಿಯ ಶಾಲೆ

ಕಳೆದ ವಾರ ಗುರುಗ್ರಾಮದ ಮೆಟ್ರೊ ನಿಲ್ದಾಣದ ಕೆಳಗೆ ಒಬ್ಬಾತ ಗೋಡೆಗೆ ಪೋಸ್ಟರ್ ಅಂಟಿಸುತ್ತಿದ್ದ. ಬಕೆಟ್ಟಿನಲ್ಲಿದ್ದ ಮೈದಾ ಅಂಟಿನ ಹುಳಿ ವಾಸನೆ ಮೂಗಿಗೆ ಬಡಿಯಿತು. ಆಫೀಸಿಗೆ ತಡವಾಗುತ್ತಿದ್ದರೂ ನಿಂತುಬಿಟ್ಟೆ. ದೆಹಲಿಯ ರೋಹಿಣಿ ಬಡಾವಣೆಯ ಹೋಟೆಲಿನ ಅಕ್ಕ ಇಡ್ಲಿ ಪಾತ್ರೆ ಇಳಿಸಿ, ಮಕ್ಕಳನ್ನು ಶಾಲೆಗೆ ಕರೆಯುವ ಪೋಸ್ಟರುಗಳಿಗೆಂದು ಅದೇ ಒಲೆಯ ಮೇಲೆ ಅಂಟು ಕಾಯಿಸುತ್ತಿದ್ದದ್ದು ನೆನಪಾಯಿತು...

ದಾವಣಗೆರೆಯಿಂದ ಕೆಲಸಕ್ಕೆಂದು ಬಂದ ಮೊದಲ ವರ್ಷ ರೋಹಿಣಿಯಲ್ಲಿ ನನಗೆ ಒಬ್ಬರ ಪರಿಚಯವೂ ಇರಲಿಲ್ಲ. ರಜೆಯ ದಿನ ತರಕಾರಿ ಭಯ್ಯಾನ ಹತ್ತಿರ ಬಿಟ್ಟರೆ ಬಾಯಿ ತೆರೆಯುವ ಅಗತ್ಯವೇ ಬೀಳುತ್ತಿರಲಿಲ್ಲ. ಹಾಗಿರುವಾಗ ಒಂದು ದಿನ ಮಾರ್ಕೆಟಿನ ಮೂಲೆಯ ಸಣ್ಣ ಹೋಟೆಲಿನಲ್ಲಿ ಕನ್ನಡ ಕೇಳಿಸಿತು. ಕುಂದಾಪುರದ ಕಡೆಯ ದಂಪತಿ ಅದನ್ನು ನಡೆಸುತ್ತಿದ್ದರು. ಗಂಡ ಗಲ್ಲಾದಲ್ಲಿ, ಅಕ್ಕ ಅಡುಗೆಮನೆಯಲ್ಲಿ. ರಂಜಾನ್ ತಿಂಗಳಲ್ಲಿ ನಾನು ಉಪವಾಸ ಬಿಡುವ ಹೊತ್ತಿಗೆ ಅಕ್ಕ ಒಂದು ತಟ್ಟೆ ಮುಚ್ಚಿಟ್ಟಿರುತ್ತಿದ್ದರು. ನಾನು ಕೇಳಿರಲಿಲ್ಲ.

ಹೋಟೆಲಿನ ಹಿಂದಿನ ಗಲ್ಲಿಯಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆಯಿತ್ತು. ಅಲ್ಲಿನ ಶೌಚಾಲಯಕ್ಕೆ ಬಾಗಿಲೇ ಇರಲಿಲ್ಲವಾದ್ದರಿಂದ ಹುಡುಗಿಯರು ಬಿಡುವಿನಲ್ಲಿ ಹೋಟೆಲಿಗೆ ಓಡಿಬರುತ್ತಿದ್ದರು. ಅವರು ಒಬ್ಬೊಬ್ಬರಾಗಿ ಬರುವುದನ್ನು ನಿಲ್ಲಿಸಿದಾಗ ಅಕ್ಕ ವಿಚಾರಿಸಿದರು. ಮನೆಯವರು ಶಾಲೆ ಬಿಡಿಸಿದ್ದರು. ಮಕ್ಕಳು ಕಡಿಮೆಯಾದರೆಂದು ಶಾಲೆಯನ್ನೇ ದೊಡ್ಡ ರಸ್ತೆಯಾಚೆಯ ಇನ್ನೊಂದು ಶಾಲೆಗೆ ಸೇರಿಸಿಬಿಡುವ ಮಾತು ನಡೆದಿತ್ತು. ಆ ರಸ್ತೆ ದಾಟಲು ನನಗೇ ಹೆದರಿಕೆಯಾಗುತ್ತಿತ್ತು.

"ನೀನು ಅರ್ಜಿ ಬರಿ ಮಾರಾಯ್ತಿ. ನನಗೆ ಹಿಂದಿ ಮಾತಾಡ್ಲಿಕ್ಕೆ ಬರ್ತದೆ, ಬರೀಲಿಕ್ಕೆ ಬರುವುದಿಲ್ಲ," ಎಂದರು ಅಕ್ಕ.

ಬರೆದುಕೊಟ್ಟೆ. ಅದನ್ನು ಹಿಡಿದು ಅಕ್ಕ ಶಿಕ್ಷಣ ಇಲಾಖೆಯ ಕಚೇರಿಗೆ ಅಲೆದರು. ಮುಂದಿನ ದಾಖಲಾತಿಯವರೆಗೆ ಕಾಯುತ್ತೇವೆ, ಅಷ್ಟರಲ್ಲಿ ಮಕ್ಕಳನ್ನು ಕರೆತನ್ನಿ ಎಂದರಂತೆ ಅಲ್ಲಿಯವರು. ಅಕ್ಕ ಬಡಗಿಯೊಬ್ಬನನ್ನು ಹಿಡಿದು ತಂದು ಬಾಗಿಲು ಕೂರಿಸಿದರು. ಪಕ್ಕದಂಗಡಿಯ ದರ್ಜಿ ಕಿಟಕಿಗಳಿಗೆ ಪರದೆ ಹೊಲಿದ. ಆಟೊದವರು ಇಟ್ಟಿಗೆ ತಂದು ಹಾಕಿ, ನೀರು ನಿಲ್ಲುತ್ತಿದ್ದ ಅಂಗಳವನ್ನು ಎತ್ತರಿಸಿದರು. ಭಾನುವಾರಗಳಲ್ಲಿ ಈ ಕೆಲಸ ನಡೆಯುವಾಗ ನಾನು ಮೂರನೆಯ, ನಾಲ್ಕನೆಯ ತರಗತಿಯ ಮಕ್ಕಳನ್ನು ಜಗಲಿಯಲ್ಲಿ ಕೂರಿಸಿಕೊಂಡು ಕಥೆ ಹೇಳುತ್ತಿದ್ದೆ. ನನ್ನ ದಾವಣಗೆರೆಯ ಉರ್ದು ಕೇಳಿ ಅವರಿಗೆ ನಗುವೋ ನಗು.

ಮನೆಮನೆಗೆ ಹೋಗಿ ಮಕ್ಕಳನ್ನು ಕರೆಯುವುದೇ ಕಷ್ಟವಾಗಿತ್ತು. ಒಂದು ಗುಡಿಸಲಿನ ಮುಂದೆ ಬಟ್ಟೆ ಒಗೆಯುತ್ತಿದ್ದ ಹೆಂಗಸು ತಲೆಯೆತ್ತದೆ ಕೇಳಿದಳು, ನಿಮ್ಮ ಮಕ್ಕಳು ಆ ಶಾಲೆಗೆ ಹೋಗುತ್ತಾರಾ ಎಂದು. ಅಕ್ಕ ಅವಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು.

"ಬಚ್ಚೇ ನಹೀಂ ಹೈಂ. ಇಸೀಲಿಯೇ ಟೈಮ್ ಹೈ."

ಮಕ್ಕಳಿಲ್ಲ, ಅದಕ್ಕೇ ಸಮಯವಿದೆ... ವರ್ಷವಿಡೀ ಅವರ ಕೈಯಡುಗೆ ಉಂಡ ನನಗೂ ಅದು ಗೊತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಆ ಹೆಂಗಸು ಮಗಳ ಕೈಹಿಡಿದು ಶಾಲೆಯ ಗೇಟಿನ ಮುಂದೆ ನಿಂತಿದ್ದಳು.

ಶಾಲೆ ಉಳಿಯಿತು. ಅಷ್ಟರಲ್ಲಿ ನನಗೆ ಗುರುಗ್ರಾಮದಲ್ಲಿ ಹೊಸ ಕೆಲಸ ಸಿಕ್ಕಿ, ಮನೆಯನ್ನೂ ಅಲ್ಲಿಗೇ ಬದಲಿಸಿದ್ದೆ. ತರಗತಿಗಳು ಶುರುವಾಗುವ ಮುನ್ನ ಅಕ್ಕ ಫೋನ್ ಮಾಡಿದರು.

"ಸೋಮವಾರ ಬಾ. ಕಥೆ ಹೇಳುವ ದೀದಿ ಎಲ್ಲಿ ಅಂತ ಮಕ್ಕಳು ಕೇಳ್ತಾರೆ."

ಬರುತ್ತೇನೆ ಅಂದೆ. ಸೋಮವಾರ ಬೆಳಿಗ್ಗೆ ಮೀಟಿಂಗ್ ಬಂತು. ಹೋಗಲಿಲ್ಲ, ತಿಳಿಸಲೂ ಇಲ್ಲ. ಆಮೇಲೆ ಅವರ ಫೋನ್ ಬಂದಾಗ ನಾಚಿಕೆಯಾಗಿ ಎತ್ತಲಿಲ್ಲ. ಹೀಗೆ ಎರಡು ಸಲ. ಮೂರನೆಯ ಸಲ ಅವರು ಮಾಡಲಿಲ್ಲ... ನಾಳೆ ಮಾತಾಡಿದರಾಯಿತು ಎನ್ನುತ್ತಲೇ ಮೂರು ವರ್ಷ ಕಳೆಯಿತು.

ಮೊನ್ನೆ ಶನಿವಾರ ರೋಹಿಣಿಗೆ ಹೋದೆ. ಹೋಟೆಲಿದ್ದಲ್ಲಿ ಈಗ ಮೊಬೈಲ್ ಅಂಗಡಿ. ದರ್ಜಿಗೆ ನನ್ನ ಗುರುತು ಸಿಗಲಿಲ್ಲ. ಅಕ್ಕ ಕಳೆದ ಚಳಿಗಾಲದಲ್ಲಿ ತೀರಿಕೊಂಡರೆಂದೂ ಅವರ ಗಂಡ ಊರಿಗೆ ಮರಳಿದರೆಂದೂ ಹೊಲಿಗೆ ನಿಲ್ಲಿಸದೆಯೇ ಹೇಳಿದ.

ಶಾಲೆಯ ಗೇಟಿನಲ್ಲಿ ನನ್ನನ್ನು ಗುರುತಿಸಿದ್ದು ಅಂದು ಬಟ್ಟೆ ಒಗೆಯುತ್ತಿದ್ದ ಹೆಂಗಸು. ಈಗ ಅಲ್ಲಿಯೇ ಆಯಾ ಆಗಿದ್ದಾಳೆ. ಅಕ್ಕ ಆಸ್ಪತ್ರೆಯಲ್ಲಿದ್ದಾಗ ಸರದಿಯಂತೆ ನೋಡಿಕೊಂಡವರಲ್ಲಿ ತಾನೂ ಒಬ್ಬಳೆಂದಳು. ದೀದಿಗೆ ಫೋನ್ ಮಾಡಲೇ ಎಂದು ಒಮ್ಮೆ ಅವರನ್ನು ಕೇಳಿದ್ದಳಂತೆ.

"ಆಂಟಿ ಬೋಲೀ, ರಹನೇ ದೇ, ಕಾಮ್ ಮೇಂ ಹೋಗೀ."

ಬಿಡು, ಕೆಲಸದಲ್ಲಿರುತ್ತಾಳೆ ಎಂದರಂತೆ. ಅದನ್ನು ಬೇಸರದಿಂದ ಹೇಳಿದರೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಒಳಗೆ ಬನ್ನಿ ಎಂದು ಆಕೆ ಗೇಟು ತೆರೆದಳು. ಜಗಲಿಯ ಉದ್ದಕ್ಕೂ ಮಕ್ಕಳು ಊಟಕ್ಕೆ ಕೂತಿದ್ದರು. ಅಷ್ಟು ಮಕ್ಕಳನ್ನು ಅಲ್ಲಿ ನಾನು ಎಂದೂ ನೋಡಿರಲಿಲ್ಲ. ಒಂದೊಂದೇ ಮುಖ ಹುಡುಕುತ್ತಾ ಹೋದೆ. ನನ್ನ ಕಥೆ ಕೇಳುತ್ತಿದ್ದವರೆಲ್ಲ ಐದನೆಯ ತರಗತಿ ಮುಗಿಸಿ ಹೊರಟುಹೋಗಿದ್ದರು. ಸಾಲಿನ ತುದಿಯಲ್ಲಿದ್ದ ಪುಟ್ಟ ಹುಡುಗಿಯೊಬ್ಬಳು, ಇದು ಯಾರ ಮಮ್ಮಿ ಎಂದು ಪಕ್ಕದವಳನ್ನು ಕೇಳಿದಳು. ಪಕ್ಕದವಳು ನನ್ನನ್ನು ಒಮ್ಮೆ ನೋಡಿ, ಗೊತ್ತಿಲ್ಲವೆಂದು ತಲೆಯಾಡಿಸಿ, ಮತ್ತೆ ತಟ್ಟೆಗೆ ಕೈಹಾಕಿದಳು.