ಅಲಾರಂ ಕೂಗಲಿಲ್ಲ

ರಟ್ಟೀಹಳ್ಳಿಯ ಕೋಳಿಮರಿ ಕೇಂದ್ರದಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಫಕ್ಕೀರೇಶನಿಗೆ ಹಳೆಯದೆಂದರೆ ಕಸ. ಹಲವು ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಲೈಬ್ರರಿಯೊಂದರ ಹೊಸ ಆವೃತ್ತಿ ಬಂದಾಗ, ಹಳೆಯದನ್ನು ನಂಬಿದವರು ಇನ್ನೂ ಇದ್ದಾರೆಯೇ ಎಂದು ತನ್ನ ಮೂಲಕ ಬಂದ ಪ್ರೋಗ್ರಾಂಗಳ ಲೆಕ್ಕವಿಡುವ ಪ್ಯಾಕೇಜ್ ಮ್ಯಾನೇಜರ್ ಎಂಬ ಸಾಫ್ಟ್‌ವೇರನ್ನು ಕೇಳಿದ. ಯಾರೂ ಇಲ್ಲ ಎಂದಿತು. ಅಳಿಸಿ, ಕಂಪ್ಯೂಟರನ್ನು ಆಫ್ ಮಾಡಿ ಆನ್ ಮಾಡಿದ.

ಮೊಟ್ಟೆಗಳ ಕಾವುಪೆಟ್ಟಿಗೆ ಅತಿಯಾಗಿ ಕಾದರೆ ಕೂಗುವ ಅಲಾರಂ ಪ್ರೋಗ್ರಾಂ ಆ ಹಳೆಯ ಲೈಬ್ರರಿಯನ್ನೇ ನಂಬಿತ್ತು. ಆ ಅಲಾರಂ ಪ್ರೋಗ್ರಾಂ ಅನ್ನು ಹಿಂದೊಮ್ಮೆ ಪೆನ್‌ಡ್ರೈವಿನಿಂದ ನೇರವಾಗಿ ತುರುಕಿದವನು ಫಕ್ಕೀರೇಶನೇ. ಪ್ಯಾಕೇಜ್ ಮ್ಯಾನೇಜರಿಗೆ ಅದರ ಸುಳಿವೇ ಇರಲಿಲ್ಲ.

ಮರುದಿನ ಮಧ್ಯಾಹ್ನ ಪೆಟ್ಟಿಗೆ ಮಿತಿಮೀರಿ ಕಾದರೂ, ಲೈಬ್ರರಿ ಇಲ್ಲದೆ ಶುರುವೇ ಆಗಿರದ ಅಲಾರಂ ಕೂಗಲಿಲ್ಲ. ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. ಕೆಲಸದ ಅಡಿವೆವ್ವ ಮೊಟ್ಟೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದಳು.

“ಯಾವುದ್ರಾಗರ ಜೀವ ಐತೇನಬೇ?” ಎಂದು ಫಕ್ಕೀರೇಶ ಕೇಳಿದ.

ಅವಳು ಕೊನೆಯ ಮೊಟ್ಟೆಯನ್ನು ಕೆಳಗಿಟ್ಟಳು.

“ಯಾರೂ ಇಲ್ಲಪ್ಪ.”