ಎಡಗಾಲಿಗೆ ಕೆಲಸವಿಲ್ಲದ ಗಾಡಿ

ಕಳೆದ ವರ್ಷ ದಸರಾ ಹತ್ತಿರ ಬಂದಾಗ, ನಮ್ಮ ಹಳೆಯ ಕಾರನ್ನು ಇನ್ನು ಬದಲಾಯಿಸಲೇಬೇಕೆಂದು ಮನೆಯಲ್ಲಿ ತೀರ್ಮಾನವಾಯಿತು. ನಾವು ವಿಜಯಪುರದ ಕಡೆಯವರು, ನೌಕರಿಗೆಂದು ಬಂದು ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿ ನೆಲೆ ನಿಂತವರು. ಅತ್ತೆ-ಮಾವ ನಮ್ಮ ಜೊತೆಗೇ ಇದ್ದಾರೆ. ಕಾರು ಎಲ್ಲರಿಗೂ ಬೇಕು, ಓಡಿಸುವವರು ಮಾತ್ರ ನಮ್ಮ ಯಜಮಾನರೊಬ್ಬರೇ.

ಹಾಗಂತ ನನಗೆ ಲೈಸೆನ್ಸ್ ಇಲ್ಲವೆಂದಲ್ಲ. ಕೆಲವು ವರ್ಷಗಳ ಹಿಂದೆ ಫ್ಲೈಓವರ್ ಏರಿನಲ್ಲಿ ಟ್ರಾಫಿಕ್ ನಿಂತಾಗ ಕ್ಲಚ್ಚು, ಬ್ರೇಕು, ಎಕ್ಸಲರೇಟರುಗಳ ನಡುವೆ ನನ್ನ ಕಾಲು ತಡವರಿಸಿ, ಗಾಡಿ ಹಿಂದಕ್ಕೆ ಜಾರಿ ಆಟೊವೊಂದಕ್ಕೆ ಬಡಿದಿತ್ತು. ಯಾರಿಗೂ ಏನೂ ಆಗಲಿಲ್ಲ. ಆಟೊದವನು ಬೈದದ್ದು ಮರೆತುಹೋಯಿತು, ಸುತ್ತ ನಿಂತು ನಕ್ಕವರನ್ನು ಮಾತ್ರ ಮರೆಯಲಾಗಲಿಲ್ಲ. ಅಂದಿನಿಂದ ಸ್ಟೀರಿಂಗ್ ಮುಟ್ಟಿರಲಿಲ್ಲ. ಅಮೀರ್‌ಪೇಟ್‌ನ ಆಫೀಸಿಗೆ ಮೆಟ್ರೊ ಹಿಡಿಯುತ್ತಿದ್ದೆ. ಅತ್ತೆಯನ್ನು ದವಾಖಾನೆಗೆ ಕರೆದೊಯ್ಯಲು ಯಜಮಾನರ ರಜೆ ಕಾಯುತ್ತಿದ್ದೆ. ಹೊಸ ಗಾಡಿಯನ್ನಾದರೂ ನಾನು ಓಡಿಸಬೇಕೆಂಬ ಆಸೆ ಬಹಳವಿತ್ತು. ಬಾಯಿಬಿಟ್ಟು ಹೇಳುವ ಧೈರ್ಯವಿರಲಿಲ್ಲ.

ನಾವು ಮೆಚ್ಚಿದ ಕಾರು ಒಂದೇ, ಎಂಜಿನ್ನೂ ಒಂದೇ. ಆದರೆ ಅದರಲ್ಲಿ ಕೈಯಿಂದ ಗೇರ್ ಹಾಕುವುದೊಂದು, ತಾನೇ ಗೇರ್ ಬದಲಿಸಿಕೊಳ್ಳುವ ಆಟೊಮೆಟಿಕ್ ಒಂದು, ಹೀಗೆ ಎರಡು ಬಗೆ. ಯಜಮಾನರು ಮೊದಲೇ ತೀರ್ಪು ಕೊಟ್ಟಿದ್ದರು: “ಗೇರ್ ಹಾಕೂದ ಇಲ್ಲಂದ್ರ ಅದೇನ್ ಗಾಡಿ ಹೊಡದಂಗ ಆತು?”

ಮಾವನವರು ರಕ್ಷಣಾ ಕಾರ್ಖಾನೆಯ ಟೆಸ್ಟಿಂಗ್ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಮಿಕ್ಸರ್ ಕೊಂಡರೂ ಅದರ ತುಂಬ ಕಡಲೆಬೇಳೆ ಹಾಕಿ ತಿರುಗಿಸಿ ನೋಡಿದ ಮೇಲೇ ಬಿಲ್ ಮಾಡಿಸುವ ಆಸಾಮಿ. “ಖಾಲಿ ಗಾಡಿ ಯಾವುದಾದ್ರೂ ಓಡ್ತೈತಿ. ಎಲ್ಲಾರೂ ಕುಂತು, ಡಿಕ್ಕಿ ತುಂಬಿ, ಎಸಿ ಹಚ್ಚಿ ಏರು ಹತ್ತಬೇಕು. ಆಗ ಗೊತ್ತಾಗ್ತೈತಿ ಎಂಜಿನ್ ಹಣೇಬಾರ” ಎಂದರು. ಹಾಗಾಗಿ ಊರಿಂದ ಬಂದಿದ್ದ ಜೋಳದ ಚೀಲಗಳನ್ನೂ ಹೇರಿಕೊಂಡು ಶೋರೂಮಿಗೆ ಹೊರಟೆವು. ನನಗಂತೂ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಟೆಸ್ಟ್ ಡ್ರೈವಿಗೆ ಜೋಳ ತಂದದ್ದನ್ನು ಕಂಡು ಸೇಲ್ಸ್‌ನ ಹುಡುಗ ಕಣ್ಣರಳಿಸಿದ. “ಟೆಸ್ಟ್ ಡ್ರೈವ್‌ಕು ಜವಾರ್ ಕೌನ್ ಲಾತೇ ಅಂಕಲ್?”

“ಹಮ್ ಲಾತೇ”, ನಾವು ತರುತ್ತೇವೆ, ಎಂದು ಮಾವನವರು ತಾವೇ ಡಿಕ್ಕಿ ತೆರೆದರು.

ಮೊದಲು ಕೈಗೇರಿನ ಗಾಡಿ. ಯಜಮಾನರು ಸ್ಟೀರಿಂಗ್ ಹಿಡಿದರು, ಪಕ್ಕದಲ್ಲಿ ಸೇಲ್ಸ್‌ನವನು, ಹಿಂದೆ ನಾವು ಮೂವರು. ಸುಳ್ಳು ಹೇಳಬಾರದು, ಎಂಜಿನ್ ಚೆನ್ನಾಗಿ ಎಳೆಯಿತು. ಎರಡನೇ ಗೇರಿನಲ್ಲಿ ಅಷ್ಟೂ ಭಾರ ಹೊತ್ತು ಫ್ಲೈಓವರನ್ನು ಸರಸರ ಏರಿತು. ಆದರೆ ನಡುವೆ ಟ್ರಾಫಿಕ್ ನಿಂತಿತು. ಯಜಮಾನರು ಅರ್ಧ ಕ್ಲಚ್ಚಿನಲ್ಲಿ ಇಂಚಿಂಚೇ ಸರಿಸತೊಡಗಿದರು.

ಅತ್ತೆ ಮೂಗು ಅರಳಿಸಿದರು. “ಸುಟ್ಟ ವಾಸನಿ ಬರಾಕತ್ತೈತಿ. ಶೋಭಾ, ಒಲಿ ಮ್ಯಾಲೆ ಹಾಲಿಟ್ಟು ಬಂದೀ ಏನ?”

“ಹಾಲಲ್ಲ, ಅದು ಕ್ಲಚ್” ಎಂದರು ಮಾವನವರು.

ಆಮೇಲೆ ಜೋಳವನ್ನೆಲ್ಲ ಆಟೊಮೆಟಿಕ್ ಗಾಡಿಗೆ ಸಾಗಿಸಿದೆವು. ಹೊರಟು ಸ್ವಲ್ಪ ದೂರ ಹೋಗಿದ್ದೆವೋ ಇಲ್ಲವೋ, ಯಜಮಾನರು ಸಿಗ್ನಲ್ ಕಂಡು ಅಭ್ಯಾಸಬಲದಿಂದ ಎಡಗಾಲನ್ನು ಕ್ಲಚ್ಚೆಂದು ಜೋರಾಗಿ ಒತ್ತಿದರು. ಅಲ್ಲಿ ಕ್ಲಚ್ ಎಲ್ಲಿದೆ? ಬ್ರೇಕಿನ ಮೇಲೆ ಬಿತ್ತು. ಗಾಡಿ ಗಕ್ಕನೆ ನಿಂತು ನಾವೆಲ್ಲ ಮುಂದಕ್ಕೆ ಮುಗ್ಗರಿಸಿದೆವು. ಮಾವನವರ ಕನ್ನಡಕ ಮಡಿಲಿಗೆ ಬಿತ್ತು. ಮುಂದಿನ ತಿರುವಿನಲ್ಲಿ ಮತ್ತೆ ಅದೇ ಕಥೆ.

“ಇದು ನಮಗಲ್ಲ ಬಿಡ್ರಿ” ಎಂದು ಯಜಮಾನರು ಗೊಣಗಿದರು. ನನ್ನ ಆಸೆ ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಆಗ ಮಾವನವರು, “ಮಲ್ಲೂ, ಬಾಜೂಕ ಹಚ್ಚಿ ನೀ ಇಳಿ. ನಿನ್ನ ಎಡಗಾಲಿಗೆ ಸುಮ್ನಿರಾಕ ಬರೂದಿಲ್ಲ. ಶೋಭಾ ಕುಂದರ್ಲಿ. ಆಕಿ ಕ್ಲಚ್ ಬಿಟ್ಟು ಭಾಳ ವರ್ಷ ಆತು, ಕಾಲಿಗೆ ಆ ಚಟ ಇಲ್ಲ” ಎಂದರು.

“ಬ್ಯಾಡ್ರಿ ಮಾಮಾ, ಇಷ್ಟು ಮಂದಿ ಕುಂತೀರಿ.”

“ಮಂದಿ ಎಲ್ಲಿ ಅದಾರವ್ವ? ಮನಿಯವರು ಅದೀವಿ.”

ಯಜಮಾನರು ಹಿಂದೆ ಬಂದು ಅಪ್ಪ-ಅವ್ವನ ನಡುವೆ ಶಾಲೆ ಹುಡುಗನ ಹಾಗೆ ಇರುಕಿಕೊಂಡು ಕೂತರು. ನಾನು ಎಡಗಾಲನ್ನು ಸೀಟಿನ ಕಡೆ ಎಳೆದಿಟ್ಟುಕೊಂಡು ಹೊರಟೆ. ಗೇರ್ ಬದಲಾಗುವಾಗ ಗಾಡಿ ಒಂದು ಕ್ಷಣ ಯೋಚಿಸುತ್ತಿತ್ತು, ಆಮೇಲೆ ಹೋಗುತ್ತಿತ್ತು. ಕೈಗೇರಿನಷ್ಟು ಚುರುಕಿಲ್ಲ, ನಿಜ.

ಫ್ಲೈಓವರಿನ ಏರಿನ ನಡುವೆ ಮತ್ತೆ ಟ್ರಾಫಿಕ್ ನಿಂತಿತು. ಕನ್ನಡಿಯಲ್ಲಿ ನೋಡಿದರೆ ಹಿಂದೆ ತೀರಾ ಹತ್ತಿರದಲ್ಲಿ ಒಂದು ಆಟೊ! ಮುಂದಿನ ಗಾಡಿ ಸರಿಯಿತು, ಹಿಂದಿನಿಂದ ಹಾರ್ನ್ ಶುರುವಾಯಿತು. ನನ್ನ ಕಾಲು ಬ್ರೇಕ್ ಬಿಡಲು ಒಪ್ಪಲೇ ಇಲ್ಲ.

“ನಕ್ಕೊ ಡರೋ ಮೇಡಮ್, ಗಾಡಿ ಪೀಛೆ ನೈ ಜಾತೀ” ಎಂದ ಸೇಲ್ಸ್‌ನವನು, ಹಿಂದೆ ಹೋಗುವುದಿಲ್ಲ ಎಂದು ಭರವಸೆ ಕೊಡುತ್ತ.

ದೇವರನ್ನು ನೆನೆದು ಬ್ರೇಕ್ ಬಿಟ್ಟೆ. ಗಾಡಿ ಕೂದಲೆಳೆಯಷ್ಟೂ ಹಿಂದೆ ಸರಿಯದೆ ನಿಂತಲ್ಲೇ ನಿಂತಿತ್ತು. ಬಲಗಾಲು ಮೆಲ್ಲಗೆ ಒತ್ತಿದೆ. ಐದು ಜನ ಮತ್ತು ಅಷ್ಟು ಜೋಳವನ್ನು ಹೊತ್ತು ಅದು ನಿಧಾನವಾಗಿ ಏರು ಹತ್ತಿತು. ನನಗೆ ಅಳು ನಗು ಒಟ್ಟಿಗೇ ಬಂತು.

ಶೋರೂಮಿನಲ್ಲಿ ಸೇಲ್ಸ್‌ನವನು ಯಾವುದು ಬರೆದುಕೊಳ್ಳಲಿ ಎಂದು ಯಜಮಾನರನ್ನು ಕೇಳಿದ. ಪಿಕಪ್ ಕೈಗೇರಿನದೇ ಮೇಲೆಂದು ಅವರು ಈಗಲೂ ವಾದಿಸುತ್ತಾರೆ. ಆವತ್ತು ಮಾತ್ರ ನನ್ನ ಕಡೆ ತಿರುಗಿ, “ಇನ್ ಮ್ಯಾಲೆ ಗಾಡಿ ಆಕಿನೂ ಹೊಡೀತಾಳ, ಆಕಿನ್ನ ಕೇಳ್ರಿ” ಎಂದರು. ನಾನು ಕೇಳಿದ ಗಾಡಿಯೇ ಮನೆಗೆ ಬಂತು.

ಸಂಕ್ರಾಂತಿಗೆ ತವರಿಗೆ ಹೋದೆವು. ಕಲಬುರಗಿಯವರೆಗೆ ಅವರು, ಅಲ್ಲಿಂದ ವಿಜಯಪುರದವರೆಗೆ ನಾನು. ಮನೆ ಮುಂದೆ ಗಾಡಿ ನಿಂತ ಸದ್ದಿಗೆ ಅವ್ವ ಹೊರಬಂದು, ಅಳಿಯ ಎಡಗಡೆಯಿಂದ ಇಳಿದದ್ದನ್ನು ನೋಡಿ, “ಡ್ರೈವರ್‌ಗೂ ಒಳಗ ಕರೀರಿ, ಪಾಪ, ದೂರದಿಂದ ಬಂದಾನ, ಚಾ ಕುಡೀಲಿ” ಎಂದಳು. ನಾನು ಬಲಗಡೆ ಬಾಗಿಲು ತೆಗೆದು ಇಳಿದೆ. ಅವ್ವ ಬಾಯಿ ಮೇಲೆ ಕೈಯಿಟ್ಟುಕೊಂಡು ನನ್ನನ್ನೇ ನೋಡುತ್ತ ನಿಂತುಬಿಟ್ಟಳು. ಆ ಚಹಾದಷ್ಟು ರುಚಿಯಾದ ಚಹಾ ನಾನು ಇದುವರೆಗೆ ಕುಡಿದಿಲ್ಲ.